ಧಾರೆ ಸೀರೆಯ ಪಕ್ಕದ ಮುಖ

"ಗುರುಗಳೇ, ಹಸಿದವರಿಗೆ ಬಡಿಸುವಾಗ ನಾನು ಒಳ್ಳೆಯವನು ಅನಿಸುತ್ತದೆ. ಅದೇ ಪಂಕ್ತಿಯಲ್ಲಿ ಒಬ್ಬ ಮುದುಕನ ಮೇಲೆ ರೇಗಿದೆ, ಆಗ ನನ್ನಷ್ಟು ಕೆಟ್ಟವನಿಲ್ಲ ಅನಿಸಿತು. ಇಂಥವನು ಮಠದಲ್ಲಿರಬಾರದು, ಹೊರಡುತ್ತೇನೆ. ಇವೆರಡರಲ್ಲಿ ನಿಜವಾದ ನಾನು ಯಾರು?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ನಕ್ಕರು. ಹೊರಡುವವನು ಹೊರಡು, ಕತೆ ಕೇಳಿಕೊಂಡು ಹೋದರೆ ನಿನ್ನ ಗಂಟೇನೂ ಹೋಗುವುದಿಲ್ಲ ಎಂದು ಶುರುಮಾಡಿದರು.

ಒಬ್ಬ ಫೋಟೋಗ್ರಾಫರ್ ಇದ್ದ. ಮದುವೆಯ ಪಟ ತೆಗೆಯುವುದೇ ಅವನ ಹೊಟ್ಟೆಪಾಡು. ಒಂದು ಮದುವೆಯಲ್ಲಿ ಮನೆಯವರೆಲ್ಲ ಪಟಕ್ಕೆ ನಿಂತರು, ಮದುಮಗನ ತಾಯಿ ಮಾತ್ರ ಬರಲೊಲ್ಲಳು. ಆಕೆ ಕಪ್ಪು. ಮದುಮಗಳ ಧಾರೆ ಸೀರೆ ಅಚ್ಚ ಬಿಳಿ. ಪಟ ತೆಗೆಯುವವರು ಸೀರೆಯ ಬಿಳುಪು ಕೆಡಬಾರದೆಂದು ಅದಕ್ಕೇ ಬೆಳಕು ಹೊಂದಿಸುತ್ತಾರೆ. ಪಕ್ಕದ ಕಪ್ಪು ಮುಖ ಮಸಿಯಾಗುತ್ತದೆ. ಆಕೆಯ ಸ್ವಂತ ಮದುವೆಯ ಪಟದಲ್ಲೂ ಸೀರೆ ಕಂಡಿತ್ತು, ಮುಖ ಕಂಡಿರಲಿಲ್ಲ.

"ನಾನು ಬಂದ್ರೂ ಒಂದೇ, ಬರದಿದ್ರೂ ಒಂದೇ ಕಣಪ್ಪ. ಪಟದಲ್ಲಂತೂ ಇರೋದಿಲ್ಲ," ಎಂದಳು.

ಆ ಮಾತು ಅವನಿಗೆ ನಾಟಿತು. ಹೇಗೋ ಆಕೆಯನ್ನು ಒಪ್ಪಿಸಿ ಸೊಸೆಯ ಪಕ್ಕ ನಿಲ್ಲಿಸಿದ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದ. ಮೂರು ಸಲ ತೆಗೆಯುತ್ತೇನೆ, ಅಲ್ಲಿಯವರೆಗೆ ಯಾರೂ ಅಲುಗಬೇಡಿ, ಅಲುಗಿದರೆ ಮೂರನ್ನೂ ಸೇರಿಸಿದಾಗ ಒಂದೇ ಮುಖ ಎರಡಾಗಿ ಕಾಣುತ್ತದೆ ಎಂದ. ಉಳಿದದ್ದನ್ನೆಲ್ಲ ಹಾಗೇ ಬಿಟ್ಟು, ಬೆಳಕನ್ನು ಒಳಬಿಡುವ ಶಟರಿನ ವೇಗವೊಂದನ್ನೇ ಬದಲಿಸುತ್ತ ಹೋದ. ಶಟರು ಬೇಗ ಮುಚ್ಚಿದ ಪಟದಲ್ಲಿ ಸೀರೆಯ ನೇಯ್ಗೆ ಉಳಿಯಿತು. ನಡುವಿನದರಲ್ಲಿ ಮಿಕ್ಕವರ ಮುಖ ಸರಿಯಾಗಿ ಬಂತು. ತಡವಾಗಿ ಮುಚ್ಚಿದ ಪಟದಲ್ಲಿ ಸೀರೆ ಬೆಳ್ಳಗೆ ಕಲಸಿಹೋಯಿತು, ಆದರೆ ಆಕೆಯ ಮುಖ ಕಂಡಿತು.

ಮೂರನ್ನೂ ಕಂಪ್ಯೂಟರಿನಲ್ಲಿ ಒಂದುಗೂಡಿಸಿದ. ಅಷ್ಟಕ್ಕೆ ಸುಮ್ಮನಿರಬಾರದೆ ಪುಣ್ಯಾತ್ಮ? ಇದ್ದಬದ್ದ ನೆರಳನ್ನೆಲ್ಲ ಎಳೆದೆಳೆದು ಬೆಳಗಿಸಿಬಿಟ್ಟ. ಮುಖಕ್ಕೆ ಬೂದಿ ಬಳಿದಂತಾಯಿತು. ಇದು ಯಾರೋ ಬೇರೆಯವರು ಎಂದು ಆಕೆ ಪಟವನ್ನು ಹಿಂದಕ್ಕೆ ಕೊಟ್ಟಳು. ಅವನು ಮತ್ತೆ ಕಂಪ್ಯೂಟರಿನ ಮುಂದೆ ಕುಳಿತ. ಕೆನ್ನೆಯ ನೆರಳನ್ನು ಕೆನ್ನೆಗೇ ಬಿಟ್ಟ, ಕಪ್ಪನ್ನು ಕಪ್ಪಾಗಿಯೇ ಇರಗೊಟ್ಟ.

ಈ ಸಲ ಆಕೆ ಪಟವನ್ನು ಬಹಳ ಹೊತ್ತು ನೋಡಿದಳು. ನಗುವಾಗ ತಾನು ಥೇಟ್ ತನ್ನ ಅವ್ವನ ಹಾಗೇ ಇದ್ದೇನೆಂದು ಬಂದವರಿಗೆಲ್ಲ ತೋರಿಸಿ ತೋರಿಸಿ ಹಿಗ್ಗಿದಳು. ಸೊಸೆಯ ಸೀರೆಯೂ ಚೆನ್ನಾಗಿ ಬಂದಿತ್ತು.

ಹಾಗಾದರೆ ಆ ಮೂರು ಪಟಗಳಲ್ಲಿ ನಿಜವಾದದ್ದು ಯಾವುದು ಎಂದು ಚೆನ್ನವೀರ ಕೇಳಿದ.

"ಮೂರನೆಯದು ಮುಗಿಯುವವರೆಗೂ ಆಕೆ ಅಲುಗದೆ ನಿಂತಿದ್ದಳು, ನೀನು ನಿನ್ನ ಎರಡೇ ಪಟ ನೋಡಿ ಹೊರಟು ನಿಂತಿದ್ದೀಯಲ್ಲ ಮಾರಾಯ," ಎಂದರು ಗುರುಗಳು.

ಚೆನ್ನವೀರ ಕೂತಲ್ಲಿಂದ ಏಳಲಿಲ್ಲ.