ಮೈ ಆರುವ ಹೊತ್ತು

"ಬುದ್ಧೀ, ಸಂಸಾರದಲ್ಲಿ ಇರುವವನಿಗೆ ತನ್ನದು ಅಂತ ಒಂದಿಷ್ಟು ಹೊತ್ತು ಸಿಗುವುದು ಹೇಗೆ?" ಎಂದು ಚೌಡಪ್ಪ ಕೇಳಿದ.

ಚೌಡಪ್ಪ ಸೀರೆ ನೇಯುವವನು. ಸೋಮವಾರದ ಸಂಜೆ ಮಠಕ್ಕೆ ಬಂದು ಗುರುಗಳ ಮುಂದೆ ಕೂರುವುದು ಅವನ ರೂಢಿ. ಆ ದಿನ ಬರುವಾಗಲೇ ಮುಖ ಗಂಟಿಕ್ಕಿಕೊಂಡು ಬಂದಿದ್ದ.

"ಬೆಳಗೆದ್ದರೆ ಮಗ್ಗ. ಮಗ್ಗ ಬಿಟ್ಟೆದ್ದರೆ ಮಕ್ಕಳು. ಮಕ್ಕಳು ಮಲಗಿದರೆ ತಾಯಿಯ ಕಾಲುನೋವು. ಎಲ್ಲದಕ್ಕೂ ನಾನೇ ಆಗಬೇಕು, ನಾನೊಬ್ಬನೇ ಎಳೆಯಬೇಕು. ದೇವರ ಮುಂದೆ ಕೂರೋಣ ಅಂದರೆ ಮನೆಯವರು ಬಿಟ್ಟರಲ್ಲವೇ ಬುದ್ಧೀ?"

ಗುರುಗಳು ನಕ್ಕರು. "ಒಬ್ಬನೇ ಎಳೆಯುತ್ತಿದ್ದೀಯಾ? ಪಾಪ. ಹಾಗಾದರೆ ನಿನಗೆ ಕುದುರೆಯವನ ಕತೆಯನ್ನೇ ಹೇಳಬೇಕು" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಜಟಕಾ ಗಾಡಿಯವನಿದ್ದ. ಅವನಿಗೆ ಒಂದು ಕುದುರೆ ಇತ್ತು, ಹೆಂಡತಿ ಇದ್ದಳು, ಚಿಕ್ಕ ಮಕ್ಕಳಿದ್ದರು, ಸೊಂಟ ಬಿದ್ದು ಮಲಗಿದಲ್ಲೇ ಇದ್ದ ತಂದೆಯಿದ್ದ. ಕುದುರೆಯ ಹೆಸರನ್ನು ನಾನು ಮೊದಲು ಎತ್ತಿದೆ. ಯಾಕೆಂದರೆ ಅವನೂ ಹಾಗೆಯೇ ಎತ್ತುತ್ತಿದ್ದ.

ಅವನದು ತಪ್ಪು ಅನ್ನಬೇಡ. ಕುದುರೆ ಸಾಕುವುದು ಸುಲಭವಲ್ಲ ಚೌಡಪ್ಪ. ನೀನು ಮಗ್ಗಕ್ಕೊಂದು ಬಟ್ಟೆ ಹೊದಿಸಿ ನೆಂಟರ ಮನೆಗೆ ಹೋಗಿಬರಬಹುದು. ಕುದುರೆಗೆ ಬಟ್ಟೆ ಹೊದಿಸಿದರೆ ಹಸಿವು ನಿಲ್ಲುತ್ತದೆಯೇ? ಬಾಡಿಗೆ ಸಿಗಲಿ ಬಿಡಲಿ, ಮನೆಯಲ್ಲಿ ಮದುವೆಯಿರಲಿ, ಜ್ವರವಿರಲಿ, ಅದಕ್ಕೆ ಹೊತ್ತು ಹೊತ್ತಿಗೆ ಹುಲ್ಲು ಬೇಕು, ಹುರುಳಿ ಬೇಕು, ನೀರು ಬೇಕು. ಮೈ ತಿಕ್ಕಬೇಕು. ಗೊರಸು ಎತ್ತಿ ಸಂದಿಯ ಕಲ್ಲು ತೆಗೆಯಬೇಕು.

ಗಾಡಿಯವನು ಇದನ್ನೆಲ್ಲ ಮಾಡುತ್ತಿದ್ದ. ಕೋಳಿ ಕೂಗುವ ಮುಂಚೆ ಎದ್ದು ಲದ್ದಿ ಬಾಚುತ್ತಿದ್ದ. ನೆನೆದ ಹುರುಳಿ ತಿನ್ನಿಸಿ, ಮೈ ತಿಕ್ಕಿ, ಆ ಕೈಯನ್ನೇ ತೊಳೆದುಕೊಂಡು ತಂದೆಯ ಮೈ ಒರೆಸುತ್ತಿದ್ದ. ಹೊರಡುವ ಮುಂಚೆ ಬಾವಿಯಿಂದ ನೀರು ಸೇದಿ ಲಾಯದ ಬಾನಿಯನ್ನು ತುಂಬಿಸಿಡುತ್ತಿದ್ದ. ಸಂಜೆ ಬಂದ ಮೇಲೆ ಸೇದುವುದಕ್ಕೆ ಅವನಿಗೆ ಪುರಸೊತ್ತು ಇರುತ್ತಿರಲಿಲ್ಲ. ಆಮೇಲೆ ಗಾಡಿ ಹೂಡಿ ರೈಲು ನಿಲ್ದಾಣಕ್ಕೆ ಹೋಗುತ್ತಿದ್ದ.

ಸಂಜೆ ವಾಪಸು ಬರುವಾಗ ಕುದುರೆ ಬೆವರಿ ತೊಯ್ದಿರುತ್ತಿತ್ತು. ಅದನ್ನು ಬಿಚ್ಚಿ ಲಾಯದ ಗೂಟಕ್ಕೆ ಕಟ್ಟಿ ನೇರವಾಗಿ ಒಳಗೆ ಹೋಗುತ್ತಿದ್ದ. ಒಳಗೆ ತಂದೆ ಅವನ ದಾರಿ ಕಾಯುತ್ತಿರುತ್ತಿದ್ದ. ಅವನನ್ನು ಎತ್ತಿ ಗೋಡೆಗೆ ಒರಗಿಸಿ ಕೂರಿಸುತ್ತಿದ್ದ. ಮಕ್ಕಳು ಮೈಮೇಲೆ ಬೀಳುತ್ತಿದ್ದವು. ಹೆಂಡತಿ ಎಲ್ಲರಿಗೂ ಬಡಿಸಿಟ್ಟು ಹಿತ್ತಿಲಿಗೆ ಹೋಗುತ್ತಿದ್ದಳು. ಪಾತ್ರೆ ತೊಳೆಯಲು ಹೋದಳೆಂದು ಅವನು ತಿಳಿದಿದ್ದ. ಮಕ್ಕಳಿಗೆ ತುತ್ತು ಕೊಡುತ್ತ, ತಂದೆಯ ಹಳೆಯ ಮಾತುಗಳನ್ನು ಕೇಳುತ್ತ ಊಟ ಮುಗಿಸಿ ಹೊರಗೆ ಬಂದರೆ ಕುದುರೆಯ ಮೈ ಒಣಗಿರುತ್ತಿತ್ತು. ಅದು ಬಾನಿಗೆ ಮೂತಿಯಿಟ್ಟು ನಿಧಾನವಾಗಿ ನೀರು ಕುಡಿಯುತ್ತಿರುತ್ತಿತ್ತು. ಆಗ ಹುರುಳಿ ಇಟ್ಟು, ಹುಲ್ಲು ಹಾಕಿ ಮಲಗುತ್ತಿದ್ದ.

ಇಲ್ಲಿ ಒಂದು ಮಾತು ನಿನಗೆ ಗೊತ್ತಿರಬೇಕು. ಓಡಿ ಬಂದು ಮೈ ಕಾದ ಕುದುರೆ ಒಂದೇ ಉಸಿರಿಗೆ ಹೊಟ್ಟೆ ತುಂಬ ನೀರು ಕುಡಿದು ಹಿಂದೆಯೇ ಹುರುಳಿ ತಿಂದರೆ ಹೊಟ್ಟೆನೋವು ಹಿಡಿಯುತ್ತದೆ, ಹಿಡಿದರೆ ಪ್ರಾಣಕ್ಕೇ ಬರುತ್ತದೆ ಎಂದು ಗಾಡಿಯವರಿಗೆಲ್ಲ ಭಯ. ಆದ್ದರಿಂದ ಬೇರೆ ಗಾಡಿಯವರು ಬೆವರು ಆರುವ ತನಕ ಕುದುರೆಯನ್ನು ಹಿಡಿದು ಅಡ್ಡಾಡಿಸುತ್ತಿದ್ದರು. ಆಮೇಲೆ ಗುಟುಕು ಗುಟುಕಾಗಿ ನೀರು ಕುಡಿಸುತ್ತಿದ್ದರು. ಅವರು ಒಳಗೆ ಹೋಗುವ ಹೊತ್ತಿಗೆ ಅನ್ನ ಆರಿರುತ್ತಿತ್ತು, ಮಕ್ಕಳು ಮಲಗಿರುತ್ತಿದ್ದವು.

ನಮ್ಮ ಗಾಡಿಯವನು ಅಡ್ಡಾಡಿಸುತ್ತಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ನನ್ನ ಕುದುರೆಗೆ ಹುಟ್ಟಿನಿಂದಲೇ ಬುದ್ಧಿ ಇದೆ. ಮೈ ಆರೋ ತನಕ ಅದು ನೀರಿಗೆ ಮೂತಿ ಇಡಲ್ಲ" ಎನ್ನುತ್ತಿದ್ದ. ಕೇಳಿದವರು ಅರ್ಧ ನಂಬುತ್ತಿದ್ದರು. ಹೇಳಿದವನು ಪೂರ್ತಿ ನಂಬಿದ್ದ.

ಮನೆಯಲ್ಲಿ ಅವನ ಮಾತು ಇನ್ನೂ ಒಂದು ಗೇಣು ಉದ್ದ. "ನಿನಗೇನು, ಒಲೆ ಮುಂದೆ ಕೂತಿರ್ತೀಯ. ಕುದುರೆ, ಗಾಡಿ, ಅಪ್ಪ, ಮಕ್ಕಳು ಎಲ್ಲಾ ನಾನೊಬ್ಬನೇ ನೋಡ್ಬೇಕು" ಎಂದು ಹೆಂಡತಿಗೆ ಹೇಳುತ್ತಿದ್ದ. ಅವಳು ಅವನಿಗೆ ಇನ್ನೊಂದು ಸೌಟು ಸಾರು ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಅವಳ ಅಣ್ಣ ಪಕ್ಕದ ಊರಿನಿಂದ ಬಂದ. ತಾಯಿ ತಲೆತಿರುಗಿ ಬಿದ್ದಿದ್ದಾಳೆ, ಕೂಡಲೇ ಬಾ ಎಂದ. ಅವಳು ಮಾಡುವ ಕೆಲಸವನ್ನೆಲ್ಲ ಹಾಗೇ ಬಿಟ್ಟು ಮಕ್ಕಳನ್ನು ಕಟ್ಟಿಕೊಂಡು ಹೊರಟಳು. ಹೋಗುವ ಮುಂಚೆ ಮಾವನ ಪಕ್ಕ ಕೂತು ಒಂದು ಮಾತು ಹೇಳಿ, ಮರೆಯದೆ ತಿಳಿಸಬೇಕೆಂದು ಬೇಡಿಕೊಂಡು ಹೋದಳು.

ಸಂಜೆ ಗಾಡಿಯ ಸದ್ದು ಕೇಳಿದ್ದೇ ತಂದೆ ಒಳಗಿನಿಂದಲೇ ಕೂಗಿದ. ಸೊಸೆ ತವರಿಗೆ ಹೋದ ವಿಷಯ ಹೇಳಿ, "ಬಾನಿ ನೀರು ಮೊಗೆದು ಹೊರಕ್ಕೆ ಹಾಕಿ ಆಮೇಲೆ ಕುದುರೆ ಕಟ್ಟಬೇಕಂತೆ ಕಣೋ" ಎಂದ.

"ಬೆಳಗ್ಗೆ ರೆಟ್ಟೆ ಬೀಳೋ ಹಾಗೆ ಸೇದಿ ತುಂಬಿಸಿದ ನೀರನ್ನ ಹೊರಕ್ಕೆ ಹಾಕಬೇಕಂತಾ? ಕುದುರೆ ವಿಷಯ ಅವಳು ನನಗೆ ಹೇಳ್ಕೊಡ್ತಾಳಾ?" ಎಂದು ಗಾಡಿಯವನು ಕುದುರೆಯನ್ನು ಯಾವಾಗಿನಂತೆ ಗೂಟಕ್ಕೆ ಕಟ್ಟಿದ. ಅಂದು ಅವನೇ ಒಲೆ ಹಚ್ಚಬೇಕಾಗಿತ್ತು. ಬುದ್ಧಿವಂತ ಕುದುರೆ ತನ್ನ ಹೊತ್ತಿಗೆ ತಾನು ತಿನ್ನುತ್ತದೆ, ಕುಡಿಯುತ್ತದೆ ಎಂದು ಹುರುಳಿಯನ್ನೂ ಆಗಲೇ ಇಟ್ಟು ಒಳಗೆ ಹೋದ.

ತಂದೆಗೆ ಗಂಜಿ ಕುಡಿಸುತ್ತಿರುವಾಗ ಲಾಯದ ಗೋಡೆಗೆ ಒದ್ದ ಸದ್ದು ಕೇಳಿಸಿತು. ಹೊರಗೆ ಬಂದು ನೋಡಿದರೆ ಬಾನಿಯಲ್ಲಿ ತಳ ಕಾಣುತ್ತಿತ್ತು. ಕುದುರೆ ಕಾಲಿನಿಂದ ನೆಲ ಕೆರೆಯುತ್ತಿತ್ತು, ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು. ನೋಡುತ್ತಿದ್ದಂತೆ ದೊಪ್ಪನೆ ಮಲಗಿ ಹೊರಳಾಡಿತು.

ಲಾಳ ಕಟ್ಟುವ ಇಮಾಮ್ ಸಾಬರು ಆ ಬೀದಿಯಲ್ಲೇ ಇದ್ದರು. ಗಾಡಿಯವನ ಕೂಗು ಕೇಳಿ ಓಡಿ ಬಂದರು. ಇಬ್ಬರೂ ಸೇರಿ ಕುದುರೆಯನ್ನು ಎಬ್ಬಿಸಿ, ಓಮದ ಕಷಾಯ ಕುಡಿಸಿದರು. "ಮಲಗೋಕೆ ಬಿಡಬೇಡ, ನಡೆಸ್ತಾನೇ ಇರು. ಲದ್ದಿ ಹಾಕಿದ್ರೆ ಬದುಕ್ತು ಅಂದ್ಕೋ" ಎಂದರು ಸಾಬರು.

ಗಾಡಿಯವನು ಹಗ್ಗ ಹಿಡಿದು ಬೀದಿಯುದ್ದಕ್ಕೂ ನಡೆಸಿದ. ಕುದುರೆ ಕಾಲೆಳೆಯುತ್ತಿತ್ತು. ನಿಂತರೆ ಮಂಡಿ ಮಡಿಸಿ ಮಲಗಲು ನೋಡುತ್ತಿತ್ತು. ಕುದುರೆ ಹೋದರೆ ಗಾಡಿ ಬರಿಯ ಸೌದೆ. ಅಷ್ಟು ಬಾಯಿಗಳಿಗೆ ಅನ್ನ ಎಲ್ಲಿಂದ ತರುವುದು? ಅದಕ್ಕಿಂತ ಹೆಚ್ಚಾಗಿ ಆ ಪ್ರಾಣಿ ನರಳುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ಅವನಿಗೆ ಕುದುರೆಯ ಮೇಲೆ ನಿಜವಾದ ಪ್ರೀತಿಯಿತ್ತು. ಅದರಲ್ಲಿ ಸುಳ್ಳಿರಲಿಲ್ಲ. "ನಿನ್ನೆವರೆಗೆ ಸರಿಯಾಗಿದ್ದೆಯಲ್ಲೋ, ಇವತ್ತು ನಿನ್ನ ಬುದ್ಧಿಗೆ ಏನಾಯ್ತೋ" ಎಂದು ಅದನ್ನು ಕೇಳುತ್ತಲೇ ಬೆಳಕು ಹರಿಯಿತು.

ಬಿಸಿಲು ಬೀಳುವ ಹೊತ್ತಿಗೆ ಹೆಂಡತಿ ಬಂದಳು. ತಾಯಿ ಚೇತರಿಸಿಕೊಂಡು ಎದ್ದು ಕೂತ ಮೇಲೆ ಅವಳಿಗೆ ಅಲ್ಲಿ ಕಾಲು ನಿಂತಿರಲಿಲ್ಲ. ಗಂಡನ ಮುಖ ನೋಡಿದಳು, ಕುದುರೆಯ ಹೊಟ್ಟೆ ನೋಡಿದಳು. ಮಕ್ಕಳನ್ನು ಒಳಗೆ ಕಳಿಸಿ, ಹೋಗಿ ಬಾನಿ ನೋಡಿ ಬಂದಳು. ಬೈಯಲಿಲ್ಲ. "ನೀವು ಕೂತ್ಕೊಳಿ" ಎಂದು ಅವನ ಕೈಯಿಂದ ಹಗ್ಗ ತೆಗೆದುಕೊಂಡು ಕುದುರೆಯನ್ನು ಹಿತ್ತಿಲಿಗೆ ನಡೆಸಿದಳು.

ಗಾಡಿಯವನು ಲಾಯದ ಬಾಗಿಲಲ್ಲಿ ಕುಸಿದು ಕೂತು ನೋಡಿದ. ಅವನು ಎಳೆದೆಳೆದು ನಡೆಸಿದ್ದ ಕುದುರೆ ಅವಳ ಹಿಂದೆ ತಾನಾಗಿ ಹೆಜ್ಜೆ ಹಾಕುತ್ತಿತ್ತು. ನುಗ್ಗೆಮರದ ಹತ್ತಿರ ಹೋದಾಗ ಅವಳು ಹಗ್ಗ ಜಗ್ಗುವ ಮುಂಚೆಯೇ ಅದು ತಿರುಗಿತು. ಬಾವಿಕಟ್ಟೆಯ ಹತ್ತಿರ ಬಂದು ಮತ್ತೆ ತಿರುಗಿತು. ಮರದಿಂದ ಬಾವಿಯ ತನಕ ನೆಲದ ಮೇಲೆ ಒಂದು ಜಾಡು ಸವೆದಿತ್ತು. ಅದನ್ನು ಅವನು ದಿನವೂ ದಾಟಿ ನೀರು ಸೇದಲು ಹೋಗುತ್ತಿದ್ದ. ಅದು ಹೇಗೆ ಸವೆಯಿತು ಎಂದು ಒಂದು ದಿನವಾದರೂ ಯೋಚಿಸಿರಲಿಲ್ಲ.

ಕೆಲವು ಸುತ್ತು ಆದ ಮೇಲೆ ಕುದುರೆ ನಿಂತು ಬಾಲ ಎತ್ತಿತು. ಲದ್ದಿ ಹಾಕಿತು. ಗಾಡಿಯವನು ಅಲ್ಲಿಂದಲೇ ಎರಡೂ ಕೈ ಜೋಡಿಸಿದ. ಯಾವ ಗುಡಿಯಲ್ಲೂ ಅವನು ಅಷ್ಟು ಭಕ್ತಿಯಿಂದ ಕೈಮುಗಿದಿರಲಿಲ್ಲ. ನಗಬೇಡ ಚೌಡಪ್ಪ, ಜೀವ ಉಳಿದದ್ದು ತಿಳಿದಾಗ ಕೈ ತಾನಾಗಿ ಸೇರುತ್ತದೆ.

ಅವನು ಹೆಂಡತಿಯ ಹತ್ತಿರ ಬಂದು ಕೇಳಿದ. "ದಿನಾ ಮೈ ಆರೋ ತನಕ ಇದು ನೀರು ಮುಟ್ತಿರ್ಲಿಲ್ಲ. ನಿನ್ನೆ ಯಾಕೆ ಕುಡೀತು?"

"ದಿನಾ ಬಾನೀಲಿ ನೀರೇ ಇರ್ತಿರ್ಲಿಲ್ಲ ಕಣ್ರೀ. ನೀವು ಬರೋ ಹೊತ್ತಿಗೆ ಮೊಗೆದು ಸೊಪ್ಪಿನ ಮಡಿಗೆ ಹಾಕಿಬಿಡ್ತಿದ್ದೆ. ನಿಮಗೆಲ್ಲ ಬಡಿಸಿಟ್ಟು ಬಂದು ಇದನ್ನ ಇಲ್ಲಿ ಅಡ್ಡಾಡಿಸಿ, ಬೆವರು ಆರಿದ್ಮೇಲೆ ಸೇದಿ ಹಾಕ್ತಿದ್ದೆ."

ಗಾಡಿಯವನು ಸವೆದ ಜಾಡನ್ನು ಇನ್ನೊಮ್ಮೆ ನೋಡಿದ. "ಇಷ್ಟು ವರ್ಷ ನನಗೊಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ರೆ ನೀವೇ ಹೊರಗೆ ನಿಂತ್ಕೋತಿದ್ರಿ. ಮಾವನೋರು ಬೆಳಗಿಂದ ನಿಮ್ಮ ದಾರಿ ಕಾಯ್ತಿರ್ತಾರೆ. ಮಕ್ಕಳು ಮಲಗೋಕೆ ಮುಂಚೆ ನಿಮ್ಮ ಕೈಲಿ ಒಂದು ತುತ್ತು ತಿನ್ನಲಿ ಅಂತ ಸುಮ್ಮನಿದ್ದೆ."

ಅವನ ದಿನದಲ್ಲಿ ಅವನಿಗೆ ಇಷ್ಟವಾದ ಹೊತ್ತು ಅದೊಂದೇ. ತಂದೆ ಗೋಡೆಗೆ ಒರಗಿ ಕೂತು ಮಾತಾಡುವ ಹೊತ್ತು, ಮಕ್ಕಳು ತೊಡೆ ಏರುವ ಹೊತ್ತು. ಅದನ್ನು ತಾನು ದುಡಿದು ಗಳಿಸಿದೆ ಎಂದು ಅವನು ತಿಳಿದಿದ್ದ. ಅದು ತನಗೆ ಹೆಂಡತಿ ಕೊಟ್ಟದ್ದು, ತನ್ನ ಊಟ ತಣ್ಣಗಾಗಲು ಬಿಟ್ಟು ಹಿತ್ತಿಲಲ್ಲಿ ಕುದುರೆಯ ಜೊತೆ ಅಡ್ಡಾಡಿ ಕೊಟ್ಟದ್ದು ಎಂದು ಅವನಿಗೆ ಆಗ ಗೊತ್ತಾಯಿತು. ಅವನು ಅತ್ತುಬಿಟ್ಟ.

"ನಿನ್ನಿಂದ ಚೆನ್ನಾಗಿದೀನಿ ಕಣೇ. ನನಗೆ ಗೊತ್ತೇ ಇರಲಿಲ್ಲ" ಎಂದ.

"ಸುಮ್ನಿರಿ, ಮಾವನೋರಿಗೆ ಕೇಳ್ಸುತ್ತೆ" ಎಂದು ಅವಳು ನಾಚಿ ಮುಖ ತಿರುಗಿಸಿದಳು.

"ಕೇಳಿಸ್ತು ಬಿಡಮ್ಮ" ಎಂದು ಕಿಟಕಿಯೊಳಗಿನಿಂದ ಮುದುಕ ಹೇಳಿದ. ಅವನ ಹಾಸಿಗೆಯಿದ್ದದ್ದು ಹಿತ್ತಿಲ ಕಿಟಕಿಯ ಪಕ್ಕದಲ್ಲಿ. ಮಗ ಕಿಟಕಿಗೆ ಬೆನ್ನು ಹಾಕಿ ಉಣ್ಣುತ್ತಿರುವಾಗ, ಸೊಸೆ ಅಡ್ಡಾಡಿಸುವುದನ್ನು ಅವನು ದಿನವೂ ನೋಡುತ್ತಿದ್ದ. ಮಗನಿಗೆ ಹೇಳಕೂಡದೆಂದು ಅವಳು ಅವನಿಂದ ಮಾತು ತೆಗೆದುಕೊಂಡಿದ್ದಳು. ಮಾತು ಉಳಿಸಿಕೊಂಡು ಉಳಿಸಿಕೊಂಡು ಮುದುಕನಿಗೆ ಸಾಕಾಗಿ ಹೋಗಿತ್ತು.

ಆಮೇಲೆ ಆ ಮನೆಯ ಸಂಜೆ ಸ್ವಲ್ಪ ಬದಲಾಯಿತು. ಗಾಡಿಯವನು ಬಂದವನೇ ತಂದೆಯನ್ನು ಎತ್ತಿ ಕೂರಿಸಿ ಹಿತ್ತಿಲಿಗೆ ಬರುತ್ತಿದ್ದ. ಒಂದು ದಿನ ಅವನು ಅಡ್ಡಾಡಿಸಿದರೆ ಅವಳು ಮಕ್ಕಳ ಜೊತೆ ಬಿಸಿ ಅನ್ನ ಉಣ್ಣುತ್ತಿದ್ದಳು. ಇನ್ನೊಂದು ದಿನ ಅವಳು ಹಗ್ಗ ಹಿಡಿಯುತ್ತಿದ್ದಳು. ಕೆಲವು ದಿನ ಇಬ್ಬರೂ ಮಾತಾಡುತ್ತ ಜೊತೆಯಲ್ಲಿ ನಡೆಯುತ್ತಿದ್ದರು. ಆಗ ಕುದುರೆಯ ಮೈ ಆರಿ ಬಹಳ ಹೊತ್ತಾಗಿದ್ದರೂ ಇಬ್ಬರಿಗೂ ಅದು ನೆನಪಿರುತ್ತಿರಲಿಲ್ಲ. ಕುದುರೆ ಅವರ ಮನೆಯಲ್ಲಿ ಬಹುಕಾಲ ಬಾಳಿತು.

ಗುರುಗಳು ಕತೆ ನಿಲ್ಲಿಸಿದರು. ಚೌಡಪ್ಪ ಹೆಗಲ ಮೇಲಿನ ವಲ್ಲಿಯಿಂದ ಕಣ್ಣು ಒರೆಸಿಕೊಂಡ. ಬಂದಾಗ ಇದ್ದ ಮುಖದ ಗಂಟು ಸಡಿಲವಾಗಿತ್ತು.

"ಎಂಥ ಹೆಣ್ಣುಮಗಳು ಬುದ್ಧೀ! ಅಂಥವಳು ಮನೆಗೆ ಬರಬೇಕಾದರೆ ಆ ಗಾಡಿಯವನು ಪುಣ್ಯ ಮಾಡಿರಬೇಕು" ಎಂದ.

"ಮಾಡಿರಬೇಕು" ಎಂದು ಗುರುಗಳು ಒಪ್ಪಿಕೊಂಡರು. ಆಮೇಲೆ ಅವನ ಮುಖವನ್ನೇ ನೋಡುತ್ತ ಕೇಳಿದರು:

"ಚೌಡಪ್ಪ, ನೀನು ಇಲ್ಲಿ ಕುಳಿತಿರುವ ಈ ಹೊತ್ತಿನಲ್ಲಿ, ಅಲ್ಲಿ ನಿನ್ನ ಕೆಲಸ ಮಾಡುತ್ತಿರುವವರು ಯಾರು?"