ಮಾಳಪ್ಪ ಹೊಳೆ ಅಳೆದದ್ದು

ಈ ಕತೆ ಕೇಳಿ ನಗುವವರು ನಗಬಹುದು, ಆದರೆ ಮೆಲ್ಲಗೆ ನಗಬೇಕು. ಮಾಳಪ್ಪನ ತಾಯಿ ನೀಲವ್ವ ಇನ್ನೂ ಗಟ್ಟಿಯಾಗಿದ್ದಾಳೆ, ಕಿವಿಯೂ ಚುರುಕಾಗಿದೆ.

ಹೊಳೆ ದಂಡೆಯ ಊರು ಅದು. ನೀರಿನಲ್ಲಿ ಅಡಿ ಅಡಿಗೂ ಅಂಕಿ ಕೆತ್ತಿದ ಒಂದು ಕಲ್ಲುಗಂಬ. ಮಳೆಗಾಲದಲ್ಲಿ ತಾಸಿಗೊಮ್ಮೆ ಅದನ್ನು ನೋಡಿ ನೀರಿನ ಎತ್ತರ ಬರೆಯುವುದು ನೀಲವ್ವನ ಕೆಲಸ. ಇಪ್ಪತ್ತು ವರ್ಷ ಬರೆದಳು. ಈಗ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣದು. ದಂಡೆಗೆ ಅಂಟಿಕೊಂಡ ಕೆಳಗಿನ ಕೇರಿಯಲ್ಲಿ ನಲವತ್ತು ಮನೆ, ಅದರಲ್ಲಿ ಒಂದು ಅವಳದೇ. ಅಂಕಿ ತಪ್ಪಿದರೆ ನಲವತ್ತು ಮನೆಯೂ ನೀರುಪಾಲು. ಬೇರೆ ಆಳು ಬರುವ ತನಕ ಕೆಲಸಕ್ಕೆ ಸಿಕ್ಕವನು ಮಗ ಒಬ್ಬನೇ. ಮೂವತ್ತು ವರ್ಷದವನು, ಎತ್ತಿನಂಥ ಮೈ, ಹೇಳಿದ ಮಾತನ್ನು ಒಂದು ದಿನವೂ ಮೀರಿದವನಲ್ಲ. ತಾಯಿಗೆ ಇದ್ದ ಕಷ್ಟವೇ ಅದು.

ನೀರಾವರಿ ಕಚೇರಿಯ ಇಂಜಿನಿಯರ್ ರುಬೀನಾ ಮೇಡಂ ಒಂದು ಪದ್ಧತಿ ಮಾಡಿದ್ದರು. ಅವರ ಕಂಪ್ಯೂಟರಿಗೆ ನೀರಿನ ಎತ್ತರ ಬೇಡ, ತಾಸಿಗೆ ಎಷ್ಟು ಏರಿತು ಅಷ್ಟು ಸಾಕು. ಏರಿದ್ದು ಮೂರಡಿ ದಾಟಿದರೆ ಕೆಳಗಿನ ಕೇರಿಯಲ್ಲಿ ಸೈರನ್ ತಾನೇ ಕೂಗುತ್ತದೆ. ನೀಲವ್ವ ಮಗನನ್ನು ಕೂರಿಸಿಕೊಂಡು ಹೇಳಿಕೊಟ್ಟಳು. ಒಂದರ ಕೆಳಗೊಂದು ಅಂಕಿ ಬರಿ, ಪ್ರತಿ ಅಂಕಿಯಲ್ಲೂ ಅದರ ಮೇಲಿನ ಅಂಕಿ ಕಳೆ, ಉಳಿದದ್ದನ್ನು ಫೋನಿನಲ್ಲಿ ಹೇಳು ಅಂದಳು.

ಮಾಳಪ್ಪ ಹೋದ. ಹತ್ತು ಬರೆದ, ಹನ್ನೆರಡು ಬರೆದ, ಹದಿಮೂರು ಬರೆದ. ಹನ್ನೆರಡರಲ್ಲಿ ಹತ್ತು ಕಳೆದ, ಎರಡು ಉಳಿಯಿತು. ಉಳಿದದ್ದನ್ನು ಎಲ್ಲಿ ಬರೆಯಬೇಕು ಅಂತ ಅವ್ವ ಹೇಳಿರಲಿಲ್ಲವಲ್ಲ? ಹನ್ನೆರಡನ್ನು ಒರೆಸಿ ಅಲ್ಲೇ ಎರಡು ಬರೆದ. ಆಮೇಲೆ ಹದಿಮೂರರ ಮೇಲೆ ನೋಡಿದ, ಎರಡು ಕೂತಿತ್ತು. ಕಳೆದ. ಹನ್ನೊಂದು!

ಒಂದೇ ತಾಸಿನಲ್ಲಿ ಹೊಳೆ ಹನ್ನೊಂದು ಅಡಿ ಏರಿದೆಯೆಂದು ಫೋನು ಹೋಯಿತು. ಸೈರನ್ ಕೂಗಿತು. ನಲವತ್ತು ಮನೆಯ ಜನ ಕೋಳಿ, ಕೂಸು, ಒಲೆಯ ಮೇಲಿನ ಬೇಳೆ ಸಮೇತ ಗುಡ್ಡ ಹತ್ತಿದರು. ಗುಡ್ಡದ ಮೇಲಿಂದ ನೋಡಿದರೆ ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು. ನೀಲವ್ವನಿಗೆ ಎದೆ ಹೊಡೆದುಕೊಳ್ಳುವುದು ನಿಲ್ಲಲು ಎರಡು ತಂಬಿಗೆ ನೀರು ಬೇಕಾಯಿತು.

"ನೀ ಹೇಳಿದಂಗ ಮಾಡೀನಿ, ಅವ್ವ," ಅಂದ ಮಾಳಪ್ಪ.

ಬರೆದದ್ದನ್ನು ಒರೆಸುತ್ತಾರೇನೋ ಮೂಳ, ಅಂತ ಬೈದಳು. ಹಳೆಯ ಅಂಕಿ ಮುಟ್ಟಬೇಡ, ಹೊಸದಕ್ಕೆ ಹೊಸ ಹಾಳೆ ತೆಗೆದುಕೋ. ಹಾಳೆಯ ಮೊದಲನೆಯ ಅಂಕಿಗೆ ಮೇಲೆ ಯಾರೂ ಇಲ್ಲ, ಅದನ್ನು ಕಳೆಯಲು ಹೋಗಬೇಡ, ಸುಮ್ಮನೆ ಬಿಡು ಅಂದಳು.

ಮರುದಿನ ಮಾಳಪ್ಪ ಹೊಸ ಅಂಕಿಗೆ ಹೊಸ ಹಾಳೆ ತೆಗೆದ. ಮುಂದಿನ ಅಂಕಿಗೆ ಇನ್ನೊಂದು ಹಾಳೆ. ಅದರ ಮುಂದಿನದಕ್ಕೆ ಮತ್ತೊಂದು. ಯಾವ ಹಾಳೆ ನೋಡಿದರೂ ಒಂದೇ ಅಂಕಿ, ಮೇಲೆ ಯಾರೂ ಇಲ್ಲ. ಸುಮ್ಮನೆ ಬಿಟ್ಟ. ಬೆಳಗಿನಿಂದ ಸಂಜೆಯ ತನಕ ಕಚೇರಿಗೆ ಒಂದು ಫೋನೂ ಇಲ್ಲ. ಕಾವಲಿನವನು ಕೊಚ್ಚಿಹೋದನೆಂದು ಗಾಬರಿಬಿದ್ದು ರುಬೀನಾ ಮೇಡಂ ಜೀಪು ಹತ್ತಿ ಬಂದರು. ಹನ್ನೆರಡು ಹಾಳೆ ಹರಡಿಕೊಂಡು ಮಾಳಪ್ಪ ಕಡಲೆ ತಿನ್ನುತ್ತಿದ್ದ.

ಮೇಡಂ ಹೋದ ಮೇಲೆ ನೀಲವ್ವ ಹಣೆ ಚಚ್ಚಿಕೊಂಡಳು. ಎಲ್ಲ ಒಂದೇ ಹಾಳೆಯಲ್ಲಿ ಬರಿ, ಕಳೆದದ್ದನ್ನು ಬದಿಗೆ ಬರಿ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸಿಟ್ಟಿನ ಭರದಲ್ಲಿ ಇನ್ನೊಂದು ಮಾತು ಬಂತು.

"ಎರಡು ಅಂಕಿ ನಡುವಿನ ವ್ಯತ್ಯಾಸ ಅಷ್ಟ ನೋಡು. ಬ್ಯಾರೆ ಏನೂ ನೋಡಬ್ಯಾಡ, ತಿಳೀತಿಲ್ಲೋ?"

ತಿಳಿಯಿತು. ಬಹಳ ಚೆನ್ನಾಗಿ ತಿಳಿಯಿತು.

ಕಂಬದ ಮೇಲೆ ಒಂದು ಕೆಂಪು ಗೆರೆ ಇತ್ತು. ನೀರು ಅದನ್ನು ಮುಟ್ಟಿತೆಂದರೆ, ನಿಧಾನಕ್ಕೆ ಏರಿರಲಿ ಜೋರಾಗಿ ಏರಿರಲಿ, ಕೇರಿ ಖಾಲಿ ಮಾಡಿಸಬೇಕು. ಮಾಳಪ್ಪ ಗೆರೆ ನೋಡಲಿಲ್ಲ, ವ್ಯತ್ಯಾಸ ನೋಡಿದ. ಹೊಳೆಗೆ ಇಳಿಯುವ ಘಾಟಿನ ಮೆಟ್ಟಿಲ ಮೇಲೆ ಕೂತು ಬರೆದ. ಮೊದಲ ತಾಸು ಒಂದಡಿ, ನೀರು ಮೊಣಕಾಲಿಗೆ ಬಂತು. ಎರಡನೆಯ ತಾಸು ಒಂದಡಿ, ಸೊಂಟಕ್ಕೆ ಬಂತು. ಎದ್ದು ನಿಂತು ಬರೆದ. ಮತ್ತೆ ಒಂದಡಿ, ಮತ್ತೆ ಒಂದಡಿ. ಒಂದೇ ಒಂದಡಿ, ಅದಕ್ಕೇಕೆ ಹೆದರಬೇಕು? ಹಾಳೆಯನ್ನು ತಲೆಯ ಮೇಲೆ ಹಿಡಿದು ಗದ್ದ ಎತ್ತಿ ನಿಂತಾಗ ಮೀನುಗಾರರು ನೋಡಿದರು. ಬಲೆ ಎಸೆದು ದಡಕ್ಕೆ ಎಳೆದರು. ನೀರು ಕೇರಿಯ ಮೊದಲ ಹೊಸ್ತಿಲಿಗೆ ಬಂದು ಹಿಂದೆ ಸರಿಯಿತು. ಎಲ್ಲರ ಪುಣ್ಯ.

ನೀಲವ್ವ ಮಗನ ಒದ್ದೆ ತಲೆ ತಡವಿ ತಡವಿ ನೋಡಿದಳು. ಬೈಯುತ್ತಲೇ ಅತ್ತಳು. ಮೇಡಂ ಅಂಕಿ ಬರೆದ ಒಂದು ಬಿದಿರುಕೋಲು ಕಳಿಸಿದ್ದರು, ಕಂಬ ಮುಳುಗಿದರೆ ಅದರಲ್ಲಿ ಅಳೆಯಲಿ ಅಂತ. ಅದನ್ನು ಮಗನ ಕೈಗೆ ಕೊಟ್ಟು ಹೇಳಿದಳು:

"ಹೊಳಿ ಎಷ್ಟರ ಏರಲಿ, ಮುಳುಗದಂಥಾ ಜಾಗಾ ನೋಡಿ ಈ ಕೋಲು ಕಟ್ಟು. ನೀನೂ ಅಲ್ಲೇ ಕುಂದರು. ನಂಗ ಇರಾಂವ ನೀ ಒಬ್ಬನ."

ಮಾಳಪ್ಪ ಹುಡುಕಿದ. ಕಂಬ ಮುಳುಗುತ್ತದೆ. ಘಾಟು ಮುಳುಗುತ್ತದೆ. ಬೇವಿನ ಗಿಡವೂ ಒಮ್ಮೆ ಮುಳುಗಿತ್ತಂತೆ. ಎಷ್ಟು ನೀರು ಬಂದರೂ ಮುಳುಗದ್ದು ಯಾವುದು? ಹುಡುಕಿ ಹುಡುಕಿ ಕಂಡುಹಿಡಿದ. ದೋಣಿ! ದೋಣಿಯ ಅಂಚಿಗೆ ಕೋಲು ಬಿಗಿದು ತಾನೂ ಅದರಲ್ಲೇ ಕೂತ.

ಆ ದಿನ ಹೊಳೆ ಹುಚ್ಚೆದ್ದು ಬಂತು. ದೋಣಿ ಏರಿತು, ಕೋಲೂ ಏರಿತು, ಮಾಳಪ್ಪನೂ ಏರಿದ. ನೀರು ಕೋಲಿನ ಎರಡನೆಯ ಅಂಕಿಯಲ್ಲಿತ್ತು, ಎರಡರಲ್ಲೇ ಉಳಿಯಿತು. ಎರಡರಲ್ಲಿ ಎರಡು ಕಳೆದರೆ ಸೊನ್ನೆ. ತಾಸಿಗೊಮ್ಮೆ ಸೊನ್ನೆ ಅಂತ ಫೋನು ಮಾಡಿದ. ಮೇಡಂ ನೀಲವ್ವನಿಗೆ ಫೋನು ಮಾಡಿ ಮಗನನ್ನು ಹೊಗಳಿದರು. ನೀಲವ್ವ ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ರೊಟ್ಟಿ ಬಡಿಯಲು ಕೂತಳು. ಪಾದ ತಣ್ಣಗಾಯಿತು. ಕೊಡ ಚೆಲ್ಲಿತೇನೋ ಅಂದುಕೊಂಡಳು. ಹಿಟ್ಟಿನ ಪರಾತ ಕೈಯಿಂದ ಜಾರಿ ತೇಲಿಹೋಯಿತು.

ಸೈರನ್ ಕೂಗಲಿಲ್ಲ. ನೀಲವ್ವನೇ ಕೂಗಿದಳು. ಕೇರಿಗೆ ಕೇರಿ ಮಾಳಿಗೆ ಹತ್ತಿತು, ಅವಳನ್ನೂ ಯಾರೋ ಎತ್ತಿ ಹತ್ತಿಸಿದರು. ಮನೆ ಹೋಯಿತು ಎಂಬ ಚಿಂತೆ ಅವಳಿಗಿರಲಿಲ್ಲ. ಮಗ ಸತ್ತನೆಂದೇ ತಿಳಿದು ಕಲ್ಲಾಗಿ ಕೂತಿದ್ದಳು. ಆಗ ಹುಟ್ಟಿನ ಸದ್ದು ಕೇಳಿತು. ಮಾಳಪ್ಪನ ದೋಣಿ ಮಾಳಿಗೆಯ ಅಂಚಿಗೆ ಬಂದು ತಾಗಿತು.

"ಬೈಬ್ಯಾಡ ಅವ್ವ, ಇವತ್ತ ಒಂದೂ ತಪ್ಪಿಲ್ಲ," ಅಂದ. "ಮುಂಜಾನಿಂದ ಬರೇ ಸೊನ್ನಿ."

"ಕೋಲು ಎಲ್ಲಿ ಐತೋ?"

ಅವನು ಅವಳ ಕೈ ಹಿಡಿದು ಕೋಲಿನ ಮೇಲೆ ಇಟ್ಟ. ನೀಲವ್ವನ ಕೈ ಬಿದಿರಿನ ಗುಂಟ ಕೆಳಗಿಳಿಯಿತು. ಹಗ್ಗ ಸಿಕ್ಕಿತು, ಗಂಟು ಸಿಕ್ಕಿತು, ಆಮೇಲೆ ಹಲಗೆ ಸಿಕ್ಕಿತು. ಹಲಗೆ ಅಲ್ಲಾಡುತ್ತಿತ್ತು. ನಲವತ್ತು ಮಾಳಿಗೆಯ ಜನ ಬೈಗುಳಕ್ಕೆ ಕಾದರು.

ಅಷ್ಟರಲ್ಲಿ ತಾಸಾಯಿತು. ಮಾಳಪ್ಪ ಬಗ್ಗಿ ಕೋಲು ನೋಡಿದ, ಸೊನ್ನೆ ಬರೆದ, ಒಮ್ಮೆ ಸುತ್ತಲೂ ಕಣ್ಣು ಹಾಯಿಸಿ ಕಚೇರಿಗೆ ಫೋನು ಹಚ್ಚಿದ.

"ಮೇಡಂ, ಹೊಳಿ ಒಂದು ಬೆರಳೂ ಏರಿಲ್ರಿ. ಆದರ ನಮ್ಮೂರು ಒಂಬತ್ತಡಿ ಕೆಳಗ ಇಳದೈತ್ರಿ."