ಹೊರಗಿಂದ ಬಂದದ್ದರ ಪಟ್ಟಿ

ನಮ್ಮ ತಾಲೂಕು ಕಚೇರಿಗೆ ಹೊಸ ಸಾಹೇಬ್ರು ಬಂದ್ರು ನೋಡಿ, ಬಂದ ದಿನವೇ ಗುಮಾಸ್ತನಿಗೆ ಹುಕುಂ. "ಇನ್ಮೇಲೆ ಇಲ್ಲಿರೋದೆಲ್ಲ ಈ ತಾಲೂಕಿಂದೇ ಆಗಿರ್ಬೇಕು. ಹೊರಗಿಂದ ಬಂದದ್ದನ್ನೆಲ್ಲ ಪಟ್ಟಿ ಮಾಡಿ ಸಂಜೆಯೊಳಗೆ ವಾಪಸ್ ಕಳಿಸು. ಒಂದು ಬಿಟ್ರೂ ನಿನ್ನ ಕೆಲಸ ಹೋಯ್ತು."

ಗುಮಾಸ್ತ ಪಟ್ಟಿ ಬರೆಯೋಕೆ ಕೂತ. ಫ್ಯಾನು ಬರೆದ, ಬೀರು ಬರೆದ, ಕಾಫಿಪುಡೀನೂ ಬರೆದ. ಸಾಹೇಬ್ರು ದೊಡ್ಡೋರಲ್ವಾ, ಓದ್ದೇ ಸಹಿ ಜಡಿದ್ರು.

ಸಂಜೆ ಲಾರಿ ಬಂತು, ಸಾಮಾನೆಲ್ಲ ಏರಿತು. ಗುಮಾಸ್ತ ಕೈಕಟ್ಟಿ ನಿಂತು, "ಸಾರ್, ಡ್ರೈವರ್ ಪಕ್ಕದ ಸೀಟು ಖಾಲಿ ಇಡ್ಸಿದ್ದೀನಿ" ಅಂದ.

"ಯಾರಿಗಯ್ಯಾ?"

ಅವನು ಪಟ್ಟಿಯ ಕೊನೇ ಸಾಲು ತೋರಿಸಿದ. "ಸಾಹೇಬರು, ಒಂದು. ಬೀದರ್‌ನಿಂದ ಬಂದದ್ದು."

ಸಾಹೇಬ್ರು ಎರಡು ಸಲ ಓದಿದ್ರು. ಕೆಳಗಿದ್ದ ತಮ್ಮ ಸಹೀನೂ ನೋಡಿದ್ರು. ಆಮೇಲೆ ಮೆಲ್ಲಗೆ, "ಮೊದ್ಲು ಆ ಕಾಫಿಪುಡಿ ಇಳಿಸಯ್ಯಾ" ಅಂದ್ರು.